ಹಾಡು ಹೇಳದ ರಾಜಕೀಯ

ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸ - ಕಾಫಿ ಸೀಮೆಯ ಯಾವ ಊರಿನ ಶಾಲೆಯ ಮುಂದೆ ಬೆಳಿಗ್ಗೆ ನಿಂತರೂ ಎರಡು ಹಾಡುಗಳು ಕಿವಿಗೆ ಬೀಳುತ್ತವೆ. ಒಂದು ನಾಡಗೀತೆ, ಇನ್ನೊಂದು ರಾಷ್ಟ್ರಗೀತೆ. ನಾಡಗೀತೆ ಬರೆದ ಕುವೆಂಪು ಹುಟ್ಟಿದ್ದು ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ರಾಷ್ಟ್ರಗೀತೆ ಬರೆದವರು ದೂರದ ಬಂಗಾಳದ ರವೀಂದ್ರನಾಥ ಠಾಕೂರರು. ಮಕ್ಕಳಿಗೆ ಎರಡೂ ಬಾಯಿಪಾಠ. ಬಾಯಿಗೆ ಬಂದದ್ದು ಬುದ್ಧಿಗೆ ಬಂದಿದೆಯೇ ಎಂಬುದು ಮಾತ್ರ ಬೇರೆ ಪ್ರಶ್ನೆ.

ಆಗಸ್ಟ್ 15 ಬಂತೆಂದರೆ ಮಲೆನಾಡಿನಲ್ಲಿ ಧ್ವಜ ಹಾರುವುದಕ್ಕಿಂತ ನೆನೆಯುವುದೇ ಹೆಚ್ಚು. ಕೊಡೆ ಹಿಡಿದ ಮೇಷ್ಟ್ರು, ಜಗಲಿಯಲ್ಲಿ ಒತ್ತಿಕೊಂಡು ನಿಂತ ಮಕ್ಕಳು, ಮಳೆಯ ಸದ್ದಿನ ಮೇಲೆ ಏರಿಸಿದ ದನಿ. ಇದೆಲ್ಲ ಮುಗಿದು ಸಿಹಿ ಹಂಚಿದ ಮೇಲೆ, ಮನೆಗೆ ಬಂದ ನೆಂಟರೋ ಬಸ್ ನಿಲ್ದಾಣದಲ್ಲಿ ಸಿಕ್ಕ ಪರಿಚಯದವರೋ ಮಗುವಿಗೆ ಒಂದು 'ಗುಟ್ಟು' ಹೇಳುತ್ತಾರೆ. "ನೀನು ಹಾಡಿದ್ದು ದೇಶದ ಹಾಡಲ್ಲ ಮರಿ, ಅದು ಇಂಗ್ಲೆಂಡಿನ ರಾಜ ಐದನೇ ಜಾರ್ಜನನ್ನು ಹೊಗಳಿ ಬರೆದದ್ದು." ಹಿಂದೆ ಈ ಮಾತು ಬಾಯಿಂದ ಬಾಯಿಗೆ ಬರುತ್ತಿತ್ತು. ಈಗ ಮೊಬೈಲ್ ಫೋನಿನಲ್ಲಿ, ಚಿತ್ರ ಸಮೇತ ಬರುತ್ತದೆ.

ಮಗು ಅಪ್ಪನನ್ನು ಕೇಳುತ್ತದೆ. ಅಪ್ಪನಿಗೂ ಗೊತ್ತಿಲ್ಲ. "ಹಾಗೆಲ್ಲ ಕೇಳಬಾರದು" ಎಂದು ಗದರಿಸುವುದು ಒಂದು ದಾರಿ, "ಇರಬಹುದೇನೋ" ಎಂದು ತಲೆಯಾಡಿಸುವುದು ಇನ್ನೊಂದು. ಎರಡೂ ಸರಿಯಲ್ಲ. ಗದರಿಸಿದರೆ ಮಗು ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ತಲೆಯಾಡಿಸಿದರೆ ಮಾರನೆಯ ದಿನದಿಂದ ಅದೇ ಹಾಡನ್ನು ಅರ್ಧ ಮನಸ್ಸಿನಿಂದ ಹಾಡುತ್ತದೆ. ಇಲ್ಲದ ರಾಜಕೀಯವನ್ನು ಹಾಡಿನೊಳಗೆ ಹುಡುಕುವ ಈ ಅಭ್ಯಾಸ ಎಲ್ಲಿಂದ ಬಂತು, ಅದನ್ನು ಪರೀಕ್ಷಿಸುವುದು ಹೇಗೆ ಎಂದು ತಿಳಿದುಕೊಳ್ಳುವುದು ಮೂರನೆಯ ದಾರಿ.

1911ರ ಡಿಸೆಂಬರ್

ಮೊದಲು ನಡೆದದ್ದೇನೆಂದು ನೋಡೋಣ. 1905ರಲ್ಲಿ ಬ್ರಿಟಿಷ್ ಸರ್ಕಾರ ಬಂಗಾಳವನ್ನು ಎರಡು ಭಾಗ ಮಾಡಿತು. ಅದರ ವಿರುದ್ಧ ದೊಡ್ಡ ಚಳವಳಿಯೇ ನಡೆಯಿತು. 1911ರ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ನಡೆದ ದರ್ಬಾರಿನಲ್ಲಿ ಐದನೇ ಜಾರ್ಜ್ ಎರಡು ಘೋಷಣೆ ಮಾಡಿದ. ಬಂಗಾಳದ ವಿಭಜನೆ ರದ್ದು, ರಾಜಧಾನಿ ಕಲ್ಕತ್ತೆಯಿಂದ ದಿಲ್ಲಿಗೆ.

ಅದಾಗಿ ಎರಡು ವಾರಕ್ಕೆ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಆಗಿನ ಕಾಂಗ್ರೆಸ್ ಮುಖಂಡರಲ್ಲಿ ಹೆಚ್ಚಿನವರು ಮಂದಗಾಮಿಗಳು. ವಿಭಜನೆ ರದ್ದು ಮಾಡಿದ್ದಕ್ಕೆ ಚಕ್ರವರ್ತಿಗೆ ಕೃತಜ್ಞತೆ ಹೇಳಿ, ಸ್ವಾಗತ ಕೋರುವ ನಿರ್ಣಯವೂ ಆ ಅಧಿವೇಶನದ ಕಾರ್ಯಕ್ರಮದಲ್ಲಿತ್ತು. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ, ಇತಿಹಾಸ ಇದ್ದದ್ದು ಹಾಗೆ.

ಡಿಸೆಂಬರ್ 27ರಂದು, ಅಧಿವೇಶನದ ಎರಡನೆಯ ದಿನ, ಕಲಾಪ ಶುರುವಾದದ್ದು ರವೀಂದ್ರರ ಹೊಸ ಬಂಗಾಳಿ ಹಾಡಿನಿಂದ. ಅದೇ 'ಜನಗಣಮನ'. ಬಳಿಕ ಸ್ವಾಗತದ ನಿರ್ಣಯ ಬಂತು. ಅದೇ ದಿನ ಇನ್ನೊಂದು ಹಾಡನ್ನೂ ಹಾಡಲಾಯಿತು. ಅದು ಹಿಂದಿಯದು. ರಾಜನನ್ನು ಹೊಗಳುವುದಕ್ಕೆಂದೇ ಬರೆದದ್ದು. ಬರೆದವರು ಪಂಜಾಬಿನ ರಾಮಭುಜ ದತ್ತ ಚೌಧರಿ, ರವೀಂದ್ರರ ಅಕ್ಕನ ಮಗಳು ಸರಳಾದೇವಿಯ ಪತಿ.

ಎಡವಟ್ಟಾದದ್ದು ಇಲ್ಲಿ. ಮರುದಿನ ಕಲ್ಕತ್ತೆಯ ಆಂಗ್ಲರ ಪತ್ರಿಕೆಗಳಾದ 'ಸ್ಟೇಟ್ಸ್‌ಮನ್', 'ಇಂಗ್ಲಿಷ್‌ಮನ್' ಎರಡು ಹಾಡುಗಳನ್ನು ಒಂದು ಮಾಡಿಬಿಟ್ಟವು. ಚಕ್ರವರ್ತಿಯ ಸ್ವಾಗತಕ್ಕೆಂದು ರವೀಂದ್ರರು ವಿಶೇಷವಾಗಿ ರಚಿಸಿದ ಹಾಡಿನೊಂದಿಗೆ ಕಲಾಪ ಆರಂಭವಾಯಿತು ಎಂಬ ಅರ್ಥದ ವರದಿ ಪ್ರಕಟವಾಯಿತು. ಬಂಗಾಳಿ ಬಲ್ಲವರು ನಡೆಸುತ್ತಿದ್ದ 'ಅಮೃತ ಬಜಾರ್ ಪತ್ರಿಕಾ', 'ಬೆಂಗಾಲಿ' ಪತ್ರಿಕೆಗಳು ಮಾತ್ರ ಎರಡನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಿದವು. ಮೊದಲನೆಯದು ಪ್ರಾರ್ಥನೆಯಂಥ ಹಾಡು, ರಾಜನ ಹಾಡು ಆಮೇಲಿನದು ಎಂದು ತಿಳಿಯಲು ಅವರಿಗೆ ಕಷ್ಟವಾಗಲಿಲ್ಲ. ಭಾಷೆ ಗೊತ್ತಿದ್ದವರು ಸರಿ ಬರೆದರು, ಗೊತ್ತಿಲ್ಲದವರು ಊಹಿಸಿ ಬರೆದರು. ಒಂದು ಶತಮಾನ ಬಾಳಿದ ಅಪವಾದದ ಬೇರು ಇಷ್ಟೇ.

ಅಂದು ರಾಜ ಸಭೆಯಲ್ಲಿದ್ದನೇ? ಸಭೆಯಲ್ಲಿ ಹಾಗಿರಲಿ, ಊರಿನಲ್ಲೇ ಇರಲಿಲ್ಲ. ದರ್ಬಾರು ಮುಗಿಸಿ ನೇಪಾಳದ ಕಾಡಿಗೆ ಬೇಟೆಗೆ ಹೋಗಿದ್ದ ಐದನೇ ಜಾರ್ಜ್ ಕಲ್ಕತ್ತೆಗೆ ಬಂದದ್ದು ಡಿಸೆಂಬರ್ 30ರಂದು. ಈ ಹಾಡನ್ನು ದಿಲ್ಲಿ ದರ್ಬಾರಿನಲ್ಲಿ ರಾಜನ ಎದುರೇ ಹಾಡಲಾಯಿತು ಎಂದು ಈಗಲೂ ಹೇಳುವವರಿದ್ದಾರೆ. ದರ್ಬಾರು ನಡೆದು ಹದಿನೈದು ದಿನವಾದ ಮೇಲೆ, ಬೇರೊಂದು ಊರಿನಲ್ಲಿ ಮೊದಲು ಹಾಡಿದ ಹಾಡು ಅದು.

ಹಾಡಿನ ಒಳಗೆ ಏನಿದೆ?

ಹೊರಗಿನ ಸಾಕ್ಷಿ ಹೀಗಾಯಿತು, ಒಳಗಿನ ಸಾಕ್ಷಿ ಏನು? ಅನುಮಾನಕ್ಕೆ ಎಡೆ ಕೊಡುವ ಪದಗಳು ಹಾಡಿನಲ್ಲಿ ಇಲ್ಲವೆಂದಲ್ಲ. 'ಅಧಿನಾಯಕ' ಎಂದರೆ ಒಡೆಯ. ಕೊನೆಯ ಚರಣದಲ್ಲಿ 'ರಾಜೇಶ್ವರ' ಎಂಬ ಸಂಬೋಧನೆಯೂ ಇದೆ. ಈ ಎರಡು ಪದಗಳನ್ನಷ್ಟೇ ಕಿತ್ತು ಕೈಯಲ್ಲಿ ಹಿಡಿದವರಿಗೆ ಕಿರೀಟ ತೊಟ್ಟ ಜಾರ್ಜನೇ ಕಾಣಿಸಬಹುದು.

ಆದರೆ ಹಾಡಿಗೆ ಐದು ಚರಣಗಳಿವೆ. ರಾಷ್ಟ್ರಗೀತೆಯಾಗಿ 52 ಸೆಕೆಂಡಿನಲ್ಲಿ ಹಾಡುವುದು ಮೊದಲ ಚರಣವನ್ನು ಮಾತ್ರ. ಉಳಿದ ನಾಲ್ಕನ್ನು ಹೆಚ್ಚಿನವರು ಓದಿಲ್ಲ. ಎರಡನೆಯದರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರ್ಸಿ, ಮುಸಲ್ಮಾನ, ಕ್ರೈಸ್ತರೆಲ್ಲ ಆತನ ಕರೆಗೆ ಓಗೊಟ್ಟು ಒಂದೆಡೆ ಸೇರುವ ಚಿತ್ರವಿದೆ. ಮೂರನೆಯದರಲ್ಲಿ ಆತ ಏಳುಬೀಳಿನ ಹಾದಿಯಲ್ಲಿ ಯುಗಯುಗಗಳಿಂದ ಯಾತ್ರಿಕರನ್ನು ನಡೆಸುವ ಸಾರಥಿ, ಘೋರ ವಿಪ್ಲವದ ನಡುವೆ ಶಂಖ ಊದುವವನು. ನಾಲ್ಕನೆಯದರಲ್ಲಿ ಕವಿ ಅದೇ ಶಕ್ತಿಯನ್ನು, ಕೆಟ್ಟ ಕನಸು ಕಂಡು ಬೆದರಿದ ದೇಶವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ಎಂದು ಕರೆಯುತ್ತಾರೆ. ಸಿಂಹಾಸನವೇರಿ ಒಂದೂವರೆ ವರ್ಷವಾಗಿದ್ದ, ದಪ್ಪ ಮೀಸೆಯ ಐದನೇ ಜಾರ್ಜ್ ಯುಗಯುಗದ ಸಾರಥಿ ಆಗುವುದು ಹೇಗೆ? ಭಾರತೀಯರ ತಾಯಿ ಆಗುವುದು ಹೇಗೆ? ಶಂಖ, ಸಾರಥಿ, ರಥ ಎಂಬ ಮಾತುಗಳು ಕಿವಿಗೆ ಬಿದ್ದರೆ ಯಕ್ಷಗಾನ ನೋಡಿ ಬೆಳೆದ ಮಲೆನಾಡಿನ ಹುಡುಗನಿಗೂ ನೆನಪಾಗುವುದು ಕುರುಕ್ಷೇತ್ರ; ಬಕಿಂಗ್‌ಹ್ಯಾಮ್ ಅರಮನೆಯಲ್ಲ.

ಅಧಿವೇಶನವಾಗಿ ಕೆಲವೇ ದಿನಕ್ಕೆ, 1912ರ ಜನವರಿಯಲ್ಲಿ, ಈ ಹಾಡು 'ತತ್ತ್ವಬೋಧಿನಿ ಪತ್ರಿಕಾ'ದಲ್ಲಿ ಅಚ್ಚಾಯಿತು. ಆ ಪತ್ರಿಕೆ ಬ್ರಹ್ಮಸಮಾಜದ್ದು, ಅದರ ಸಂಪಾದಕರು ಆಗ ಸ್ವತಃ ರವೀಂದ್ರರೇ. ಅಲ್ಲಿ ಹಾಡಿಗೆ ಕೊಟ್ಟ ವಿವರಣೆ 'ಬ್ರಹ್ಮಸಂಗೀತ', ಎಂದರೆ ದೇವರ ಹಾಡು. ಆ ತಿಂಗಳ ಮಾಘೋತ್ಸವದಲ್ಲಿ ಪ್ರಾರ್ಥನೆಯಾಗಿ ಅದನ್ನು ಹಾಡಲಾಯಿತು.

ಕವಿ ಏಕೆ ಸುಮ್ಮನಿದ್ದರು?

"ತಪ್ಪಾಗಿದ್ದರೆ ರವೀಂದ್ರರು ಅಂದೇ ಏಕೆ ಹೇಳಲಿಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವರು ಇದಕ್ಕೆ ವಿವರವಾಗಿ ಉತ್ತರಿಸಿದ್ದು 1937ರಲ್ಲಿ, ಇಪ್ಪತ್ತಾರು ವರ್ಷದ ಬಳಿಕ. ಸ್ವತಂತ್ರ ಭಾರತದ ಗೀತೆ ಯಾವುದಾಗಬೇಕೆಂಬ ಚರ್ಚೆ ಕಾವೇರಿದ್ದ ವರ್ಷ ಅದು. ಹಳೆಯ ಅಪವಾದಕ್ಕೆ ಆಗ ಹೊಸ ಬೆಲೆ ಬಂದಿತ್ತು. ಪುಲಿನ್ ಬಿಹಾರಿ ಸೇನ್ ಎಂಬುವರು ಕೇಳಿದ್ದಕ್ಕೆ ರವೀಂದ್ರರು ಪತ್ರ ಬರೆದು ನಡೆದದ್ದನ್ನು ತಿಳಿಸಿದರು. ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸ್ನೇಹಿತರೊಬ್ಬರು ಚಕ್ರವರ್ತಿಯ ಜಯಗೀತೆ ಬರೆದುಕೊಡುವಂತೆ ಕೇಳಿದ್ದು ನಿಜ. ಆ ಮಾತು ಕೇಳಿ ತಮಗೆ ಆಶ್ಚರ್ಯವಾಯಿತು, ಮನಸ್ಸಿಗೆ ಕಲಮಲವಾಯಿತು. ಅದರ ಪ್ರತಿಕ್ರಿಯೆಯಾಗಿಯೇ ಭಾರತದ ಭಾಗ್ಯವಿಧಾತನ ಜಯವನ್ನು ಸಾರುವ ಹಾಡು ಬರೆದೆ. ಯುಗಯುಗಗಳಿಂದ ರಥ ನಡೆಸುವ ಆ ಸಾರಥಿ ಐದನೇ ಜಾರ್ಜ್, ಆರನೇ ಜಾರ್ಜ್, ಯಾವ ಜಾರ್ಜೂ ಆಗಲಾರ. ಹಾಡು ಕೇಳಿದ ಆ ಸ್ನೇಹಿತರಿಗೂ ಇದು ಅರ್ಥವಾಯಿತು. ಪತ್ರದ ತಾತ್ಪರ್ಯ ಇದು. 1939ರಲ್ಲಿ ಇನ್ನೊಮ್ಮೆ ಕೇಳಿದಾಗ ಅವರಿಗೆ ಬೇಸರವೇ ಆಯಿತು. ತಮ್ಮಿಂದ ಇಂಥ ಮೂರ್ಖತನ ಆಗಬಹುದೆಂದು ಎಣಿಸುವವರಿಗೆ ಉತ್ತರ ಕೊಡುವುದೇ ತಮಗೆ ಅವಮಾನ ಎಂಬರ್ಥದಲ್ಲಿ ಬರೆದರು.

ರಾಜನ ಮೆಚ್ಚುಗೆಗಾಗಿ ಬರೆದವರು ಅದರ ಫಲವನ್ನು ಬಿಟ್ಟುಕೊಡುವುದಿಲ್ಲ. 1915ರಲ್ಲಿ ಸರ್ಕಾರ ಕೊಟ್ಟ 'ಸರ್' ಪದವಿಯನ್ನು ರವೀಂದ್ರರು 1919ರಲ್ಲಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಪ್ರತಿಭಟಿಸಿ, ಬೇಡವೆಂದು ಬರೆದರು. ಈ ಹಾಡಿಗೆ ಬಹುಮಾನವಾಗಿಯೇ ನೊಬೆಲ್ ಸಿಕ್ಕಿತೆಂಬ ಮಾತೂ ಹರಿದಾಡುತ್ತದೆ. 1913ರ ಆ ಪ್ರಶಸ್ತಿಯನ್ನು ಕೊಟ್ಟದ್ದು ಇಂಗ್ಲೆಂಡಿನ ರಾಜನಲ್ಲ, ಸ್ವೀಡನ್ನಿನ ಅಕಾಡೆಮಿ. ಅವರ ಕೈಗೆ ಸಿಕ್ಕಿದ್ದು 1912ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಗೀತಾಂಜಲಿ'.

ಇನ್ನೂ ಒಂದು ಸಾಕ್ಷಿ ಇದೆ. ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದ ಸುಭಾಷ್‌ಚಂದ್ರ ಬೋಸರು 1942ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸಮಾರಂಭದಲ್ಲಿ ಭಾರತದ ಗೀತೆಯೆಂದು ನುಡಿಸಲು ಆರಿಸಿಕೊಂಡದ್ದು ಇದನ್ನೇ. 1943ರಲ್ಲಿ ಆಜಾದ್ ಹಿಂದ್ ಸರ್ಕಾರದ ಗೀತೆಯೂ ಇದರ ಹಿಂದೂಸ್ತಾನಿ ರೂಪವೇ ಆಗಿತ್ತು. ಬ್ರಿಟಿಷ್ ರಾಜನ ಸ್ತುತಿಯನ್ನು ಹಾಡಿಕೊಂಡು ಬ್ರಿಟಿಷ್ ಸೇನೆಯ ಮೇಲೆ ಯುದ್ಧಕ್ಕೆ ಹೊರಡುವಷ್ಟು ಅವಿವೇಕಿಗಳಲ್ಲ ಆ ಜನ.

ರಾಜನ ಹಾಡು ಹೇಗಿರುತ್ತದೆ?

ನಿಜವಾಗಿ ರಾಜನಿಗಾಗಿ ಬರೆದ ಹಾಡು ಹೇಗಿರುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 1947ರ ಮೊದಲು ವಸ್ತಾರೆಯೂ ಸೇರಿದಂತೆ ಇಡೀ ಕಡೂರು ಜಿಲ್ಲೆ (ಇಂದಿನ ಚಿಕ್ಕಮಗಳೂರು ಜಿಲ್ಲೆಯ ಅಂದಿನ ಹೆಸರು ಅದೇ) ಮೈಸೂರು ಸಂಸ್ಥಾನದಲ್ಲಿತ್ತು. ಸಂಸ್ಥಾನದ ಗೀತೆ 'ಕಾಯೌ ಶ್ರೀಗೌರಿ'. 'ಅಭಿನವ ಕಾಳಿದಾಸ'ರೆನಿಸಿದ ಬಸವಪ್ಪ ಶಾಸ್ತ್ರಿಗಳ (1843-1891) ರಚನೆ. ಸ್ವಾತಂತ್ರ್ಯಕ್ಕೆ ಮೊದಲು ಶಾಲೆ ಕಲಿತ ಹಿರಿಯರು ಇದನ್ನು ಹಾಡಿಯೇ ತರಗತಿಗೆ ಹೋದವರು.

ಅದೂ ಪ್ರಾರ್ಥನೆಯೇ, ಗೌರಿಯನ್ನು ಕುರಿತದ್ದು. ಆದರೆ ಯಾರನ್ನು ಕಾಯಬೇಕೆಂದು ಹಾಡು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ದೊರೆಯ ಹೆಸರನ್ನೇ ಎತ್ತಿ ಹೇಳುತ್ತದೆ. ಅರಸನಿಗಾಗಿ ಬರೆಯುವವನು ಅರಸನಿಗೆ ಕೇಳುವಂತೆಯೇ ಬರೆಯುತ್ತಾನೆ. ರಾಜನಿಗೆ ಗೊತ್ತಾಗದ ಹಾಗೆ, ಅವನ ಹೆಸರಿಲ್ಲದೆ, ಅವನು ಊರಿನಲ್ಲಿಲ್ಲದ ದಿನ, ಅವನಿಗೆ ಬಾರದ ಭಾಷೆಯಲ್ಲಿ ಹಾಡುವ ಹೊಗಳಿಕೆಯಿಂದ ಯಾರಿಗೆ ಏನು ಲಾಭ?

ಹಾಡು ಭೂಪಟವಲ್ಲ

ಇದೇ ಹಾಡಿನ ಮೇಲೆ ಇನ್ನೊಂದು ಬಗೆಯ ರಾಜಕೀಯ ಓದೂ ನಡೆದಿದೆ. ಅದರಲ್ಲಿ ಬರುವ ಸಿಂಧ್ ಈಗ ಪಾಕಿಸ್ತಾನದಲ್ಲಿದೆ, ಆದ್ದರಿಂದ ಆ ಪದವನ್ನು ತೆಗೆಯಬೇಕೆಂದು ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ರಾಷ್ಟ್ರಗೀತೆ ದೇಶದ ಭಾವನೆಯನ್ನು ಹೇಳುವ ಹಾಡೇ ಹೊರತು ರಾಜ್ಯಗಳ ಗಡಿ ಗುರುತಿಸುವ ಪಟ್ಟಿಯಲ್ಲ ಎಂಬುದು ತೀರ್ಪಿನ ಸಾರ.

ನಮ್ಮ ಮಕ್ಕಳು ಕೇಳುವ ಪ್ರಶ್ನೆಗೂ ಇದೇ ಉತ್ತರ. "ಪಂಜಾಬ್ ಇದೆ, ಗುಜರಾತ್ ಇದೆ, ಕರ್ನಾಟಕ ಏಕಿಲ್ಲ? ಕನ್ನಡಿಗರನ್ನು ಕಡೆಗಣಿಸಿದ್ದಾರೆಯೇ?" 1911ರಲ್ಲಿ ಕರ್ನಾಟಕವೆಂಬ ರಾಜ್ಯ ಇರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹಂಚಿಹೋಗಿದ್ದರು. ದಕ್ಷಿಣವನ್ನೆಲ್ಲ ಕವಿ 'ದ್ರಾವಿಡ' ಎಂಬ ಒಂದೇ ಪದದಲ್ಲಿ ಹಿಡಿದರು. ತಮಿಳರು, ತೆಲುಗರು, ಮಲೆಯಾಳಿಗಳು ಎಲ್ಲರೂ ಅದರಲ್ಲೇ ಇದ್ದಾರೆ.

ಈ ಹಾಡಿನ ಬಾಳಿನಲ್ಲಿ ದಕ್ಷಿಣಕ್ಕೂ ಪಾಲಿದೆ. ಕರ್ನಾಟಕದ ಗಡಿಗೆ ಹತ್ತಿರದ, ಆಂಧ್ರದ ಮದನಪಲ್ಲಿಯ ಬೆಸೆಂಟ್ ಥಿಯಸಾಫಿಕಲ್ ಕಾಲೇಜಿಗೆ ರವೀಂದ್ರರು 1919ರ ಫೆಬ್ರವರಿಯಲ್ಲಿ ಬಂದಿದ್ದರು. ಅಲ್ಲಿನ ಪ್ರಾಂಶುಪಾಲರು ಐರ್ಲೆಂಡಿನ ಜೇಮ್ಸ್ ಕಸಿನ್ಸ್. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಹಾಡಿನ ಧಾಟಿಗೆ ಸ್ವರಲಿಪಿ ಬರೆದುಕೊಂಡರು. ರವೀಂದ್ರರು ಅಲ್ಲೇ ಅದನ್ನು ಇಂಗ್ಲಿಷಿಗೆ ತಂದು 'ಭಾರತದ ಬೆಳಗಿನ ಹಾಡು' ಎಂಬರ್ಥದ ಹೆಸರಿಟ್ಟರು. ಅಂದಿನಿಂದ ಆ ಕಾಲೇಜಿನಲ್ಲಿ ಅದು ಬೆಳಗಿನ ಪ್ರಾರ್ಥನೆ. 1950ರ ಜನವರಿ 24ರಂದು ಸಂವಿಧಾನ ಸಭೆ ಅದನ್ನು ರಾಷ್ಟ್ರಗೀತೆಯಾಗಿ ಅಂಗೀಕರಿಸುವುದಕ್ಕೆ ಮೂವತ್ತು ವರ್ಷ ಮೊದಲೇ ದಕ್ಷಿಣದ ವಿದ್ಯಾರ್ಥಿಗಳು ಅದನ್ನು ಹಾಡಿದ್ದರು.

ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ'ಗೂ ಇಂಥ ಓದು ತಪ್ಪಿಲ್ಲ. ಅದು ರಾಜ್ಯೋತ್ಸವಕ್ಕೆಂದು ಸರ್ಕಾರ ಬರೆಯಿಸಿದ ಹಾಡು ಎಂದು ಎಷ್ಟೋ ವಿದ್ಯಾರ್ಥಿಗಳು ತಿಳಿದಿದ್ದಾರೆ. ಕರ್ನಾಟಕ ಮಾತೆ ಭಾರತ ಮಾತೆಯ ಮಗಳು ಎಂಬ ಕಲ್ಪನೆಯನ್ನು ದಿಲ್ಲಿ ಮತ್ತು ಬೆಂಗಳೂರಿನ ಸರ್ಕಾರಗಳ ಸಂಬಂಧವೆಂದು ಓದಿ ವಾದಿಸುವವರೂ ಇದ್ದಾರೆ. ತೇದಿಗಳನ್ನು ನೋಡಿದರೆ ವಾದ ನಿಲ್ಲುವುದಿಲ್ಲ. ರಾಜ್ಯ ಒಂದಾದದ್ದು 1956ರಲ್ಲಿ, ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ಹಾಡು ನಾಡಗೀತೆಯಾದದ್ದು 2004ರ ಜನವರಿಯಲ್ಲಿ. ಕವಿ ಹಾಡು ಕಟ್ಟಿದ್ದು ಏಕೀಕರಣಕ್ಕೆ ಎರಡು ದಶಕಕ್ಕೂ ಹಿಂದೆ. ಆಗ ದಿಲ್ಲಿಯಲ್ಲಿದ್ದದ್ದು ಬ್ರಿಟಿಷ್ ವೈಸರಾಯ್. ಬೆಂಗಳೂರಿನಲ್ಲಿ ಕರ್ನಾಟಕ ಸರ್ಕಾರವೇ ಇರಲಿಲ್ಲ. ಇನ್ನೂ ಹುಟ್ಟದ ಸರ್ಕಾರಗಳ ಜಗಳವನ್ನು ಹಾಡಿನಲ್ಲಿ ಹುಡುಕುವುದು ತೊಟ್ಟಿಲಿಗೆ ಮೊದಲು ಕುಲಾವಿ ಹೊಲಿದಂತೆ.

ಸೋರುವ ಮಾಳಿಗೆ ಯಾವುದು?

ಮಳೆಗಾಲದಲ್ಲಿ ಸರ್ಕಾರಿ ಕಟ್ಟಡವೊಂದು ಸೋರಿದರೆ ಸಾಕು, ಶಿಶುನಾಳ ಶರೀಫರ 'ಸೋರುತಿಹುದು ಮನೆಯ ಮಾಳಿಗಿ' ಪತ್ರಿಕೆಯ ತಲೆಬರಹವಾಗುತ್ತದೆ. ಚುನಾವಣಾ ಭಾಷಣದಲ್ಲಿ ಎದುರು ಪಕ್ಷದ ಆಡಳಿತವೇ ಆ ಮಾಳಿಗೆ. ಸಿ. ಅಶ್ವತ್ಥರ ಕಂಠದಿಂದ ಮನೆಮನೆಗೆ ತಲುಪಿದ ಆ ಹಾಡನ್ನು ಶರೀಫರು (1819-1889) ಯಾವುದೋ ಆಡಳಿತವನ್ನು ಹಂಗಿಸಲೆಂದೇ ಬರೆದರೆಂದು ನಂಬಿದ ವಿದ್ಯಾರ್ಥಿಗಳಿದ್ದಾರೆ.

ಅದು ತತ್ತ್ವಪದ. ಮಾಳಿಗೆ ಎಂದರೆ ಈ ದೇಹ. ಅಜ್ಞಾನದಿಂದ ಸೋರುತ್ತಿರುವ ಮನೆಯನ್ನು ದುರಸ್ತಿ ಮಾಡಬೇಕಾದವನು ಶಾಸಕನೂ ಅಲ್ಲ, ಇಂಜಿನಿಯರನೂ ಅಲ್ಲ, ಅದರೊಳಗೆ ವಾಸವಿರುವವನೇ. ಆಡಳಿತವನ್ನು ಟೀಕಿಸಲು ಹಾಡನ್ನು ಬಳಸಿಕೊಳ್ಳುವುದು ತಪ್ಪಲ್ಲ, ಒಳ್ಳೆಯ ರೂಪಕ ಎಲ್ಲ ಕಡೆಗೂ ಒದಗುತ್ತದೆ. ಅದೇ ಮೂಲ ಅರ್ಥ ಎಂದುಕೊಂಡರೆ ಮಾತ್ರ ನಷ್ಟ. ಬೇರೆಯವರ ಮಾಳಿಗೆ ತೋರಿಸಿ ನಗುವುದು ಸುಲಭ. ಶರೀಫರು ಹೇಳಿದ್ದು ಅವರವರ ಮಾಳಿಗೆಯನ್ನು.

ಶರೀಫರ ಗುರು ಕಳಸದ ಗೋವಿಂದ ಭಟ್ಟರು ಎಂದು ಪಾಠದಲ್ಲಿ ಓದಿದ ಈ ಭಾಗದ ಮಕ್ಕಳು ನಮ್ಮ ಭದ್ರಾ ತೀರದ, ಕಳಸೇಶ್ವರನ ಕಳಸವೇ ಅದು ಎಂದು ಹೆಮ್ಮೆಪಡುವುದುಂಟು. ಆ ಕಳಸ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನದು, ಶಿಶುನಾಳಕ್ಕೆ ಹತ್ತಿರದ್ದು. ಹೆಸರು ಒಂದೇ ಆದ ಮಾತ್ರಕ್ಕೆ ಊರು ಒಂದೇ ಆಗುವುದಿಲ್ಲ. ಒಂದೇ ದಿನ ಹಾಡಿದ ಮಾತ್ರಕ್ಕೆ ಎರಡು ಹಾಡು ಒಂದೇ ಆಗುವುದಿಲ್ಲ.

ಶಿಶುಗೀತೆಗೂ ಬಿಡುವಿಲ್ಲ

ಈ ಚಪಲ ನಮ್ಮವರಿಗೆ ಮಾತ್ರ ಅಂಟಿದ್ದಲ್ಲ. ನರ್ಸರಿ ಮಕ್ಕಳು ಹಾಡುವ ಕಪ್ಪು ಕುರಿಯ ಇಂಗ್ಲಿಷ್ ಪದ್ಯವನ್ನು ಎಲ್ಲ ತಂದೆತಾಯಿಯರೂ ಕೇಳಿರುತ್ತಾರೆ. ಅದು ಇಂಗ್ಲೆಂಡಿನಲ್ಲಿ 1275ರಲ್ಲಿ ಉಣ್ಣೆಯ ಮೇಲೆ ಹಾಕಿದ ಸುಂಕದ ವಿರುದ್ಧದ ಪ್ರತಿಭಟನೆ ಎಂದು ಹೇಳುವ ಪುಸ್ತಕಗಳಿವೆ. ಆದರೆ ಪದ್ಯ ಮೊದಲು ಅಚ್ಚಿನಲ್ಲಿ ಕಾಣಿಸುವುದು 1744ರ ಸುಮಾರಿಗೆ. ನಡುವಿನ ನಾನ್ನೂರ ಎಪ್ಪತ್ತು ವರ್ಷ ಅದು ಎಲ್ಲಿತ್ತೆಂದು ಯಾರೂ ತೋರಿಸಿಲ್ಲ. ಗೋಡೆಯಿಂದ ಬೀಳುವ ಹಂಪ್ಟಿ ಡಂಪ್ಟಿ, 1648ರ ಅಂತರ್ಯುದ್ಧದಲ್ಲಿ ಕೋಲ್ಚೆಸ್ಟರ್ ಪಟ್ಟಣದಲ್ಲಿ ಉರುಳಿದ ಫಿರಂಗಿ ಎಂಬ ಕಥೆಯೂ ಹೀಗೆಯೇ. ಪದ್ಯ ಅಚ್ಚಾದದ್ದು 1797ರಲ್ಲಿ. ಫಿರಂಗಿಯ ಕಥೆ ಹುಟ್ಟಿದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ.

1930ರಲ್ಲಿ ಕ್ಯಾಥರೀನ್ ಎಲ್ವೆಸ್ ಥಾಮಸ್ ಎಂಬಾಕೆ ಶಿಶುಗೀತೆಗಳ ಪಾತ್ರಗಳೆಲ್ಲ ರಾಜರಾಣಿಯರೇ ಎಂದು ಸಾಧಿಸುವ ಪುಸ್ತಕ ಬರೆದರು. 1951ರಲ್ಲಿ ಅಯೋನಾ ಮತ್ತು ಪೀಟರ್ ಓಪಿ ದಂಪತಿ ಪ್ರತಿಯೊಂದು ಪದ್ಯದ ಹಳೆಯ ಮುದ್ರಣವನ್ನು ಹುಡುಕಿ ಇಂಥ ಊಹೆಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಓಪಿಯವರ ಪುಸ್ತಕ ವಿದ್ವಾಂಸರ ಮೇಜಿನ ಮೇಲಿದೆ, ಥಾಮಸ್ ಬಗೆಯ ಕಥೆಗಳು ಜನರ ಬಾಯಲ್ಲಿವೆ.

ಅಮೆರಿಕದಲ್ಲಿ ನಡೆದದ್ದು ತಿರುವುಮುರುವು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1984ರಲ್ಲಿ ಹಾಡಿದ 'ಬಾರ್ನ್ ಇನ್ ದ ಯು.ಎಸ್.ಎ.' ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ನೊಂದ ಸೈನಿಕನ ಅಳಲು. ಪಲ್ಲವಿಯನ್ನಷ್ಟೇ ಕೇಳಿದವರು ಅದನ್ನು ದೇಶದ ಜಯಘೋಷ ಎಂದುಕೊಂಡರು. ಅದೇ ವರ್ಷ ಚುನಾವಣಾ ಪ್ರಚಾರದಲ್ಲಿದ್ದ ಅಧ್ಯಕ್ಷ ರೇಗನ್ ಆ ಗಾಯಕನ ಹೆಸರೆತ್ತಿ ಹೊಗಳಿದರು. ಚರಣ ಕೇಳದೆ ಪಲ್ಲವಿಗೆ ಕುಣಿಯುವ ರೋಗಕ್ಕೆ ದೇಶ, ಭಾಷೆ ಎಂಬ ಭೇದವಿಲ್ಲ.

ನಿಜವಾದ ರಾಜಕೀಯ ಹಾಡುಗಳು

ಹಾಗೆಂದು ಹಾಡಿನಲ್ಲಿ ರಾಜಕೀಯವೇ ಇರುವುದಿಲ್ಲ ಎಂದಲ್ಲ. ಉತ್ತರ ಕರ್ನಾಟಕದ ಲಾವಣಿಗಳು ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ 1857ರ ಹಲಗಲಿ ಬೇಡರ ದಂಗೆಯನ್ನೂ ಎದೆತಟ್ಟಿ ಹಾಡಿವೆ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಇವನ್ನು ಸಂಗ್ರಹಿಸಿ 1885ರ ನಂತರದ ವರ್ಷಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಆದಾಯ ತೆರಿಗೆಯನ್ನು ಕುರಿತ ಲಾವಣಿಯೂ ಒಂದು. ಅಲ್ಲಿ ಗುಟ್ಟು ಒಡೆಯುವ ಕೆಲಸವೇ ಇಲ್ಲ, ತೆರಿಗೆ ಎಂದರೆ ತೆರಿಗೆಯೇ. ಬೇಂದ್ರೆಯವರ 'ನರಬಲಿ' ಕವನದಲ್ಲಿ ರಾಜದ್ರೋಹವಿದೆಯೆಂದು ಸರ್ಕಾರ 1930ರ ದಶಕದ ಆರಂಭದಲ್ಲಿ ಅವರನ್ನು ಹಿಂಡಲಗಾ ಸೆರೆಮನೆಗೆ ಕಳಿಸಿತು, ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿಟ್ಟಿತು.

ನಿಜಕ್ಕೂ ಅರ್ಥವನ್ನು ಅಡಗಿಸಿಟ್ಟ ಹಾಡುಗಳೂ ಇವೆ. 1943ರ 'ಕಿಸ್ಮತ್' ಹಿಂದಿ ಚಿತ್ರಕ್ಕೆ ಕವಿ ಪ್ರದೀಪ್ ಬರೆದ ಹಾಡು ಪರಕೀಯರಿಗೆ ದೂರ ಸರಿಯಿರಿ ಎನ್ನುತ್ತದೆ. ಹೆಸರಿಗೆ ಜರ್ಮನ್, ಜಪಾನಿಯರನ್ನು ಸೇರಿಸಿದ್ದರಿಂದ ಬ್ರಿಟಿಷ್ ಸೆನ್ಸಾರ್ ಕಣ್ಣು ತಪ್ಪಿತು. ಚಿತ್ರಮಂದಿರದ ಜನಕ್ಕೆ ಅದು ಯಾರ ಕುರಿತೆಂದು ಕೂಡಲೇ ಗೊತ್ತಾಯಿತು. ಅಡಗಿಸಿಟ್ಟ ಅರ್ಥ ನಿಜವಾಗಿದ್ದರೆ ಅದು ಅಂದಿನ ಕೇಳುಗರಿಗೇ ತಿಳಿದಿರುತ್ತದೆ. ಐವತ್ತು, ನೂರು ವರ್ಷದ ಬಳಿಕ ಯಾರೋ ಒಬ್ಬರು ಕಂಡುಹಿಡಿಯಬೇಕಾಗಿ ಬರುವುದಿಲ್ಲ.

ಇನ್ನು ಕೆಲವು ಹಾಡುಗಳ ವಿಷಯದಲ್ಲಿ ತಪ್ಪು-ಸರಿ ಎಂದು ಗೆರೆ ಎಳೆಯಲಾಗದು. ದೀಪಾವಳಿಯ ರಾತ್ರಿ ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬಂದು ಹಾಡುತ್ತಾರೆ. ಬಲೀಂದ್ರನನ್ನು ಕರೆಯುವ ಹಬ್ಬ ಅದು. ಬಲಿಯನ್ನು ರೈತಾಪಿ ಜನರ ದೊರೆಯೆಂದು ಮಹಾರಾಷ್ಟ್ರದ ಜ್ಯೋತಿಬಾ ಫುಲೆಯವರು 1873ರ ತಮ್ಮ 'ಗುಲಾಮಗಿರಿ' ಗ್ರಂಥದಲ್ಲಿ ಅರ್ಥೈಸಿದರು. ಹೆಸರಿಲ್ಲದ ಜನಪದರು ಕಟ್ಟಿದ ಹಾಡಿಗೆ ಕವಿಯ ಪತ್ರವಿಲ್ಲ, ತೇದಿಯಿಲ್ಲ. ಅಲ್ಲಿ ಒಬ್ಬೊಬ್ಬರ ಓದು ಒಂದೊಂದು, ಅದನ್ನು ಓದು ಎಂದೇ ಹೇಳಬೇಕು. ಕವಿಯ ಹೆಸರು, ಬರೆದ ದಿನ, ಅಚ್ಚಾದ ಪತ್ರಿಕೆ ಎಲ್ಲ ಕೈಗೆ ಸಿಗುವ ಹಾಡಿಗೆ ಈ ವಿನಾಯಿತಿ ಇಲ್ಲ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಗುಟ್ಟೊಂದು ಗೊತ್ತು ಎನ್ನುವುದರಲ್ಲಿ ಒಂದು ಸುಖವಿದ್ದೇ ಇದೆ. ಎಲ್ಲರೂ ಮೋಸಹೋದಾಗ ತಾನೊಬ್ಬ ಮಾತ್ರ ಜಾಣ ಎನಿಸುತ್ತದೆ. ಇಂಥ ಮಾತುಗಳು ಬೇಗ ಹರಡುವುದು ಅದಕ್ಕೇ. ಆ ಸುಖ ಮಕ್ಕಳಿಗೆ ಹತ್ತುವ ಮೊದಲು ಅವರಿಗೆ ಪರೀಕ್ಷಿಸುವ ಸುಖವನ್ನು ಹತ್ತಿಸಬೇಕು. ಅದಕ್ಕೆ ಪದವಿ ಬೇಡ, ನಾಲ್ಕೈದು ಪ್ರಶ್ನೆ ಸಾಕು.

ಹಾಡು ಬರೆದದ್ದು ಯಾವಾಗ, ಹೇಳುತ್ತಿರುವ ಘಟನೆ ನಡೆದದ್ದು ಯಾವಾಗ? ಈ ಅರ್ಥವನ್ನು ಮೊದಲು ಹೇಳಿದವರು ಯಾರು, ಅವರಿಗೆ ಆ ಭಾಷೆ ಬರುತ್ತಿತ್ತೇ? ಹಾಡನ್ನು ಪೂರ್ತಿ ಓದಿದರೂ ಆ ಅರ್ಥ ನಿಲ್ಲುತ್ತದೆಯೇ? ಮೊದಲ ಕೇಳುಗರು ಅದನ್ನು ಏನೆಂದು ತಿಳಿದರು? ಕವಿ ಏನು ಹೇಳಿದ್ದಾರೆ, ಅವರ ನಡತೆ ಆ ಮಾತಿಗೆ ಹೊಂದುತ್ತದೆಯೇ?

ಕೊನೆಯ ಪ್ರಶ್ನೆಯ ಬಗ್ಗೆ ಒಂದು ಎಚ್ಚರ ಬೇಕು. ಕವಿಯ ಮಾತೊಂದೇ ಸಾಕ್ಷಿಯಾದರೆ ಸಾಲದು. ಆರೋಪಕ್ಕೆ ಒಳಗಾದವರು ಇಲ್ಲ ಎನ್ನುವುದು ಸಹಜ. ರವೀಂದ್ರರ ವಿಷಯದಲ್ಲಿ ನಂಬಿಕೆ ಬರುವುದು ಅವರ ಪತ್ರವೊಂದರಿಂದಲ್ಲ. ಬೇರೆ ಬೇರೆ ದಿಕ್ಕಿನಿಂದ ಬಂದ ಸಾಕ್ಷಿಗಳೆಲ್ಲ, ಅಂದಿನ ಪತ್ರಿಕೆ, ರಾಜನ ಪ್ರಯಾಣದ ತೇದಿ, ಹಾಡಿನ ಚರಣಗಳು, ಹಿಂತಿರುಗಿಸಿದ ಪದವಿ, ಒಂದೇ ಕಡೆಗೆ ಬೆರಳು ತೋರಿಸುವುದರಿಂದ. ವಿಜ್ಞಾನದ ಪಾಠದಲ್ಲಿ ಹೇಳುವ ವಿಧಾನವೂ ಇದೇ, ಕೋರ್ಟಿನ ವಿಧಾನವೂ ಇದೇ.

ಗುಟ್ಟು ಹೇಳಿದ ನೆಂಟರ ಮೇಲೆ ಮಗು ಜಗಳಕ್ಕೆ ಹೋಗಬೇಕಾಗಿಲ್ಲ. ಮುಂದಿನ ಸಲ ಅವರು ಬಂದಾಗ ಮರ್ಯಾದೆಯಿಂದಲೇ ಕೇಳಿದರೆ ಸಾಕು: "ಮಾವ, ಆ ದಿನ ರಾಜ ಕಲ್ಕತ್ತೆಯಲ್ಲಿ ಇರಲಿಲ್ಲವಂತಲ್ಲ? ನಾಲ್ಕನೆಯ ಚರಣದಲ್ಲಿ ತಾಯಿ ಎಂದು ಏಕೆ ಬರೆದಿದ್ದಾರೆ?" ಅಷ್ಟು ಕೇಳಲು ಬೇಕಾದ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಸಿಗುತ್ತದೆ. ಐದು ಚರಣಗಳನ್ನೂ ಕನ್ನಡ ಅರ್ಥದೊಡನೆ ಒಂದು ಹಾಳೆಯಲ್ಲಿ ಬರೆದು ಮೇಷ್ಟ್ರು ಶಾಲೆಯ ಗೋಡೆಗೆ ಅಂಟಿಸಿದರೂ ಆಯಿತು. ಮಳೆಗಾಲದ ಒಂದು ಮಧ್ಯಾಹ್ನದ ಕೆಲಸ ಅದು.